ಟೈರಿನ ದೂರು ಯಾರ ಮೇಜಿಗೆ?

ಹೊಸ ಕಾರು ಕೊಂಡು ಎಂಟು ತಿಂಗಳು ತುಂಬುವ ಮೊದಲೇ ಮುಂಗಾಲಿಯ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬೊಂದು ಕಾಣಿಸಿಕೊಳ್ಳುತ್ತದೆ. ಮಾಲೀಕನು ಕಾರು ಕೊಂಡ ಮಳಿಗೆಗೆ ಹೋಗುತ್ತಾನೆ. ಟೈರು ಕಾರಿನ ವಾರಂಟಿಗೆ ಸೇರಿದ್ದಲ್ಲ, ಟೈರು ಕಂಪನಿಯವರನ್ನು ಕಾಣಬೇಕು ಎಂಬ ಉತ್ತರ ಅಲ್ಲಿ ದೊರೆಯುತ್ತದೆ. ಟೈರು ವರ್ತಕರಲ್ಲಿಗೆ ಹೋದರೆ, ಇದು ರಸ್ತೆಯ ಹೊಂಡದ ಪೆಟ್ಟು, ತಯಾರಿಕೆಯ ದೋಷವಲ್ಲ ಎಂಬ ತೀರ್ಪು ಬರುತ್ತದೆ. ಕೊನೆಗೆ ವಿಮಾ ಕಚೇರಿಯ ಬಾಗಿಲು ತಟ್ಟಿದರೆ, ಟೈರಿಗೆ ಮಾತ್ರ ಆದ ಹಾನಿಗೆ ಪಾಲಿಸಿಯಲ್ಲಿ ಪರಿಹಾರವಿಲ್ಲ ಎಂಬ ಮಾತು ಕೇಳಬೇಕಾಗುತ್ತದೆ. ಮೂವರ ಉತ್ತರವೂ ಅವರವರ ಕರಾರಿನ ಮಟ್ಟಿಗೆ ಸರಿಯಾದುದೇ. ಆದರೆ ಮೂರು ಬಾಗಿಲುಗಳನ್ನು ಸುತ್ತಿ ಬಂದ ಗ್ರಾಹಕನ ದೂರು ಯಾರ ದಾಖಲೆ ಪುಸ್ತಕದಲ್ಲಿಯೂ ಉಳಿಯುವುದಿಲ್ಲ.

ಇದು ಒಬ್ಬ ಗ್ರಾಹಕನ ಅಸಮಾಧಾನದ ಪ್ರಶ್ನೆ ಮಾತ್ರವಲ್ಲ. ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕೇ ಜಾಗಗಳಲ್ಲಿ. ಒಂದೊಂದು ಜಾಗವೂ ಹೆಚ್ಚುಕಡಿಮೆ ಅಂಗೈಯಷ್ಟು ಅಗಲದ್ದು. ಬ್ರೇಕು, ಸ್ಟಿಯರಿಂಗು, ಎಂಜಿನ್ನಿನ ಶಕ್ತಿ ಎಲ್ಲವೂ ಕೆಲಸ ಮಾಡುವುದು ಆ ನಾಲ್ಕು ಅಂಗೈಗಳ ಮೂಲಕವೇ. ಅಲ್ಲಿನ ದೋಷವನ್ನು ಕುರಿತ ದೂರುಗಳು ಚದುರಿಹೋದರೆ ಏನಾಗಬಹುದು ಎಂಬುದಕ್ಕೆ ವಾಹನೋದ್ಯಮದ ಇತಿಹಾಸದಲ್ಲಿ ಒಂದು ದೊಡ್ಡ ನಿದರ್ಶನವಿದೆ. ಅಮೆರಿಕದಲ್ಲಿ 2000ದಲ್ಲಿ ನಡೆದ ಫೈರ್‌ಸ್ಟೋನ್ ಟೈರು ಪ್ರಕರಣವೇ ಅದು. ವಾಹನ, ಟೈರು, ಬಿಡಿಭಾಗ ಮತ್ತು ದುರಸ್ತಿ ವ್ಯವಹಾರದಲ್ಲಿರುವ ಪ್ರತಿಯೊಬ್ಬ ವರ್ತಕರೂ ತಿಳಿದಿರಬೇಕಾದ ಪ್ರಕರಣವಿದು.

95 ವರ್ಷಗಳ ನಂಟು ಮುರಿದ ಬಗೆ

ಹೆನ್ರಿ ಫೋರ್ಡ್ ಮತ್ತು ಹಾರ್ವೆ ಫೈರ್‌ಸ್ಟೋನ್ ಅವರ ವ್ಯಾಪಾರ ಸಂಬಂಧ ಆರಂಭವಾದುದು 1906ರಲ್ಲಿ. ಒಬ್ಬರು ಕಾರು ಮಾಡಿದರು, ಮತ್ತೊಬ್ಬರು ಅದಕ್ಕೆ ಟೈರು ಒದಗಿಸಿದರು. ಎರಡು ಮನೆತನಗಳ ನಡುವೆ ವಿವಾಹ ಸಂಬಂಧವೂ ಬೆಳೆಯಿತು. 2000ದಲ್ಲಿ ಫೋರ್ಡ್ ಕಂಪನಿಯ ಅಧ್ಯಕ್ಷರಾಗಿದ್ದ ವಿಲಿಯಂ ಕ್ಲೇ ಫೋರ್ಡ್ ಜೂನಿಯರ್ ಅವರು ಈ ಇಬ್ಬರು ಸಂಸ್ಥಾಪಕರಿಗೂ ಮರಿಮೊಮ್ಮಗ. ಫೈರ್‌ಸ್ಟೋನ್ ಕಂಪನಿಯನ್ನು 1988ರಲ್ಲಿ ಜಪಾನಿನ ಬ್ರಿಡ್ಜ್‌ಸ್ಟೋನ್ ಸಂಸ್ಥೆ ಕೊಂಡುಕೊಂಡ ಮೇಲೆಯೂ ಫೋರ್ಡ್ ಜೊತೆಗಿನ ವ್ಯವಹಾರ ಮುಂದುವರಿದಿತ್ತು.

1990ರಲ್ಲಿ ಫೋರ್ಡ್ ಕಂಪನಿ 'ಎಕ್ಸ್‌ಪ್ಲೋರರ್' ಎಂಬ ಎತ್ತರದ ವಾಹನವನ್ನು ಮಾರುಕಟ್ಟೆಗೆ ತಂದಿತು. ಅದು ಬಹುಬೇಗ ಜನಪ್ರಿಯವಾಯಿತು. ಅದರಲ್ಲಿ ಹಲವಕ್ಕೆ ಫೈರ್‌ಸ್ಟೋನಿನ ಎಟಿಎಕ್ಸ್, ಎಟಿಎಕ್ಸ್-2 ಮತ್ತು ವೈಲ್ಡರ್‌ನೆಸ್ ಎಟಿ ಎಂಬ ಹೆಸರಿನ 15 ಅಂಗುಲದ ಟೈರುಗಳನ್ನು ಕಾರ್ಖಾನೆಯಲ್ಲಿಯೇ ಅಳವಡಿಸಲಾಗುತ್ತಿತ್ತು. ರೇಡಿಯಲ್ ಟೈರಿನೊಳಗೆ ಒಂದರ ಮೇಲೊಂದರಂತೆ ಎರಡು ಉಕ್ಕಿನ ಪಟ್ಟಿಗಳಿರುತ್ತವೆ. ಈ ಟೈರುಗಳಲ್ಲಿ ಕೆಲವು ಹೆದ್ದಾರಿಯ ವೇಗದಲ್ಲಿ ಓಡುತ್ತಿರುವಾಗಲೇ ಮೇಲಿನ ಪಟ್ಟಿಯು ರಸ್ತೆ ಮುಟ್ಟುವ ರಬ್ಬರಿನ ಸಮೇತ ಕೆಳಗಿನ ಪಟ್ಟಿಯಿಂದ ಕಿತ್ತು ಬರತೊಡಗಿತು. ಹಿಂಗಾಲಿಯ ಟೈರು ಹೀಗೆ ಕಳಚಿದಾಗ ವಾಹನವು ಹತೋಟಿ ತಪ್ಪಿ ಮಗುಚುತ್ತಿತ್ತು.

ಎಚ್ಚರಿಕೆಯ ಗಂಟೆಗಳು ಬಾರಿಸದೆ ಇರಲಿಲ್ಲ. ಸ್ಟೇಟ್ ಫಾರ್ಮ್ ಎಂಬ ವಿಮಾ ಸಂಸ್ಥೆಯ ವಿಶ್ಲೇಷಕರೊಬ್ಬರು ತಮ್ಮ ಮುಂದಿದ್ದ ಪರಿಹಾರದ ಅರ್ಜಿಗಳಲ್ಲಿ ಇಂಥ 21 ಪ್ರಕರಣಗಳನ್ನು ಗುರುತಿಸಿ 1998ರ ಜುಲೈನಲ್ಲಿಯೇ ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತಕ್ಕೆ ಮಿಂಚಂಚೆ ಕಳುಹಿಸಿದ್ದರು. ಆ ಪತ್ರದ ಮೇಲೆ ಕ್ರಮ ಜರುಗಲಿಲ್ಲ. 1999ರಲ್ಲಿ ಫೋರ್ಡ್ ಕಂಪನಿಯು ಕೊಲ್ಲಿ ರಾಷ್ಟ್ರಗಳ ತನ್ನ ಗ್ರಾಹಕರಿಗೆ ಟೈರು ಬದಲಿಸಿಕೊಡತೊಡಗಿತು. ಹೊರದೇಶದಲ್ಲಿ ಕೈಗೊಂಡ ಇಂಥ ಕ್ರಮವನ್ನು ಅಮೆರಿಕ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ ಆಗ ಇರಲಿಲ್ಲವಾಗಿ ಆ ಸುದ್ದಿ ಸುರಕ್ಷತಾ ಅಧಿಕಾರಿಗಳನ್ನು ತಲುಪಲಿಲ್ಲ.

2000ದ ಫೆಬ್ರವರಿಯಲ್ಲಿ ಹ್ಯೂಸ್ಟನ್ ನಗರದ ದೂರದರ್ಶನ ವಾಹಿನಿಯೊಂದು ಈ ಅಪಘಾತಗಳನ್ನು ಕುರಿತು ವಿಶೇಷ ವರದಿ ಪ್ರಸಾರ ಮಾಡಿತು. ಅದನ್ನು ನೋಡಿದ ವಾಹನ ಮಾಲೀಕರು ತಮ್ಮ ಅನುಭವಗಳನ್ನು ಸರ್ಕಾರಕ್ಕೆ ಬರೆಯತೊಡಗಿದರು. ಮೇ 2ರಂದು ತನಿಖೆ ಆರಂಭವಾದಾಗ ಇದ್ದ ದೂರುಗಳು 90. ಆಗಸ್ಟ್ 1ರ ವೇಳೆಗೆ ಅವು 193ಕ್ಕೆ ಏರಿದವು. ಅವುಗಳಲ್ಲಿ 21 ಸಾವುಗಳ ಉಲ್ಲೇಖವಿತ್ತು. ಆಗಸ್ಟ್ 9ರಂದು ಟೈರು ಕಂಪನಿಯು ಬಳಕೆಯಲ್ಲಿದ್ದ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಪಡೆಯುವುದಾಗಿ ಘೋಷಿಸಿತು. ಅಮೆರಿಕ ಸರ್ಕಾರದ ಅಂತಿಮ ಲೆಕ್ಕದಲ್ಲಿ ಈ ಟೈರುಗಳೊಂದಿಗೆ ಸಂಬಂಧವಿದ್ದ ಸಾವುಗಳ ಸಂಖ್ಯೆ 270ನ್ನು ಮೀರಿತು.

ಮುಂದೆ ನಡೆದುದು ಪರಸ್ಪರ ದೋಷಾರೋಪಣೆ. ಟೈರಿನಲ್ಲಿ ದೋಷವಿದೆ ಎಂದು ಕಾರು ಕಂಪನಿ ಹೇಳಿತು. ವಾಹನವೇ ಸುಲಭವಾಗಿ ಮಗುಚುವಂಥದು, ಮೇಲಾಗಿ ಅದಕ್ಕೆ ಶಿಫಾರಸು ಮಾಡಿದ ಗಾಳಿಯ ಒತ್ತಡವೂ ಕಡಿಮೆಯಾಯಿತು ಎಂದು ಟೈರು ಕಂಪನಿ ಮರುನುಡಿಯಿತು. ಕಾರು ಕಂಪನಿ ಸೂಚಿಸಿದ್ದುದು 26 ಪಿಎಸ್‌ಐ, ಟೈರು ಕಂಪನಿ ಬೇಕೆಂದುದು 30 ಪಿಎಸ್‌ಐ. 2001ರ ಮೇ 21ರಂದು ಟೈರು ಕಂಪನಿಯು ಫೋರ್ಡ್ ಜೊತೆಗಿನ ವ್ಯವಹಾರವನ್ನು ಕೊನೆಗೊಳಿಸಿತು. ಮರುದಿನವೇ ಫೋರ್ಡ್ ತನ್ನ ವೆಚ್ಚದಲ್ಲಿ ಇನ್ನೂ 1.3 ಕೋಟಿ ಟೈರುಗಳನ್ನು ಬದಲಿಸಿಕೊಡುವುದಾಗಿ ಪ್ರಕಟಿಸಿತು. ಹೆಚ್ಚಿನ ದೋಷಗಳು ಕಂಡುಬಂದಿದ್ದ ಇಲಿನಾಯ್ ರಾಜ್ಯದ ಡೆಕಾಟರ್ ಕಾರ್ಖಾನೆ 2001ರ ಕೊನೆಯಲ್ಲಿ ಬಾಗಿಲು ಮುಚ್ಚಿತು. ಎರಡೂ ಕಂಪನಿಗಳ ಮುಖ್ಯಸ್ಥರು ಹುದ್ದೆ ತೊರೆದರು.

ದೋಷಕ್ಕಿಂತ ದೊಡ್ಡ ಲೋಪ

ಟೈರಿನ ರಚನೆ, ಕಾರ್ಖಾನೆಯ ಕೆಲಸ, ಬಿಸಿಲು, ಗಾಳಿಯ ಒತ್ತಡ, ಹೊರೆ ಇವೆಲ್ಲ ಕೂಡಿ ಅನಾಹುತವಾಯಿತೆಂದು ತಜ್ಞರ ಪರಿಶೀಲನೆಯಿಂದ ತಿಳಿದುಬಂದಿತು. ಅಪಘಾತಗಳು ಟೆಕ್ಸಾಸ್, ಫ್ಲೋರಿಡಾ, ಅರಿಝೋನಾ, ಕ್ಯಾಲಿಫೋರ್ನಿಯಾ ಮುಂತಾದ ಬಿಸಿಲಿನ ರಾಜ್ಯಗಳಲ್ಲಿಯೇ ಹೆಚ್ಚಾಗಿದ್ದವು. ಗಾಳಿ ಕಡಿಮೆಯಿದ್ದ ಟೈರು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದಷ್ಟೂ ಪಟ್ಟಿಗಳ ನಡುವಣ ರಬ್ಬರಿನ ಬೆಸುಗೆ ಸಡಿಲಗೊಳ್ಳುತ್ತದೆ.

ವಾಣಿಜ್ಯದ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕಾರಿನ ಉಳಿದೆಲ್ಲ ಭಾಗಗಳಿಗೂ ಫೋರ್ಡ್ ಕಂಪನಿಯೇ ವಾರಂಟಿ ನೀಡುತ್ತಿತ್ತು. ಟೈರಿಗೆ ಮಾತ್ರ ಟೈರು ತಯಾರಕರ ವಾರಂಟಿ. ಆದುದರಿಂದ ಎಂಜಿನ್ನಿನ ದೂರು ಕಾರು ಕಂಪನಿಗೆ ತಲುಪುತ್ತಿತ್ತು, ಟೈರಿನ ದೂರು ತಲುಪುತ್ತಿರಲಿಲ್ಲ. ಇತ್ತ ಟೈರು ಕಂಪನಿಯಲ್ಲಿ, ಗಾಯಾಳುಗಳು ಮತ್ತು ಆಸ್ತಿ ಹಾನಿಗೊಳಗಾದವರು ಸಲ್ಲಿಸಿದ ಪರಿಹಾರದ ಬೇಡಿಕೆಗಳನ್ನು ಟೈರಿನ ಗುಣಮಟ್ಟ ಅಳೆಯುವ ಸಾಧನವಾಗಿ ಬಳಸುವ ಪದ್ಧತಿ ಇರಲಿಲ್ಲ. ಅವು ಹಣಕಾಸಿನ ಹೊಣೆಯ ಲೆಕ್ಕಕ್ಕೆ ಸೇರುತ್ತಿದ್ದವು. 2000ದ ಜುಲೈ ತಿಂಗಳ ಕೊನೆಯಲ್ಲಿ ಈ ದಾಖಲೆಗಳು ಕಾರು ಕಂಪನಿಯ ಕೈಸೇರಿದಾಗ, ಯಾವ ಅಳತೆಯ ಮತ್ತು ಯಾವ ಕಾರ್ಖಾನೆಯ ಟೈರುಗಳು ದೋಷಯುಕ್ತವೆಂಬುದು ಕೆಲವೇ ದಿನಗಳಲ್ಲಿ ಸ್ಪಷ್ಟವಾಯಿತು. ವರ್ಷಗಟ್ಟಲೆ ಬೇರೆ ಬೇರೆ ಕಪಾಟುಗಳಲ್ಲಿ ಬಿದ್ದಿದ್ದ ಮಾಹಿತಿ ಒಂದೇ ಮೇಜಿನ ಮೇಲೆ ಬಂದ ಪರಿಣಾಮವಿದು.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆ ದೂರುಗಳಿಗೂ ಅನ್ವಯಿಸುತ್ತದೆ. ಬಿಡಿ ದೂರು ಒಬ್ಬ ಗ್ರಾಹಕನ ಗೊಣಗಾಟದಂತೆ ತೋರಬಹುದು. ಒಟ್ಟುಗೂಡಿದ ದೂರು ತಯಾರಕನಿಗೆ ದೊರೆಯುವ ಅತ್ಯಂತ ಅಗ್ಗದ ಪರೀಕ್ಷಾ ವರದಿ. ಅಮೆರಿಕದ ಶಾಸನಕರ್ತರು ಈ ಪಾಠವನ್ನು ಕೂಡಲೇ ಕಲಿತರು. 2000ದ ನವೆಂಬರ್ 1ರಂದು ಜಾರಿಗೆ ಬಂದ 'ಟ್ರೆಡ್' ಕಾಯಿದೆಯು ಸಾವುನೋವು, ಆಸ್ತಿ ಹಾನಿ, ಗ್ರಾಹಕರ ದೂರು ಮತ್ತು ವಾರಂಟಿ ಬೇಡಿಕೆಗಳ ವಿವರಗಳನ್ನು ತಯಾರಕರು ಕಾಲಕಾಲಕ್ಕೆ ಸರ್ಕಾರಕ್ಕೆ ಸಲ್ಲಿಸುವ ವ್ಯವಸ್ಥೆಗೆ ದಾರಿ ಮಾಡಿತು. ಹೊರದೇಶಗಳಲ್ಲಿ ಕೈಗೊಳ್ಳುವ ಹಿಂಪಡೆಯುವಿಕೆಯನ್ನೂ ತಿಳಿಸಬೇಕಾಯಿತು. ಟೈರಿನ ಗಾಳಿ ಇಳಿದಾಗ ಚಾಲಕನಿಗೆ ಸೂಚನೆ ನೀಡುವ ಉಪಕರಣ ಅಲ್ಲಿನ ಕಾರುಗಳಲ್ಲಿ ಕಡ್ಡಾಯವಾದುದೂ ಇದೇ ಕಾಯಿದೆಯ ಫಲ.

ಇಲ್ಲಿನ ಮೂರು ಬಾಗಿಲುಗಳು

ಭಾರತದಲ್ಲಿಯೂ ಕಾರಿನ ವಾರಂಟಿ ಪುಸ್ತಕದಲ್ಲಿ ಟೈರು ಮತ್ತು ಬ್ಯಾಟರಿಗಳನ್ನು ಸಾಮಾನ್ಯವಾಗಿ ಹೊರಗಿಡಲಾಗುತ್ತದೆ. ಅವುಗಳಿಗೆ ಆಯಾ ತಯಾರಕರೇ ಪ್ರತ್ಯೇಕ ವಾರಂಟಿ ನೀಡುತ್ತಾರೆ. ವಾರಂಟಿಯ ವ್ಯಾಪ್ತಿ ತಯಾರಿಕೆ ಮತ್ತು ಸಾಮಗ್ರಿಯ ದೋಷಗಳಿಗೆ ಸೀಮಿತವಾದುದು. ರಸ್ತೆಯ ಪೆಟ್ಟು, ತೂತು, ತಪ್ಪು ಒತ್ತಡ, ತಪ್ಪು ಅಲೈನ್‌ಮೆಂಟ್‌ನಿಂದಾದ ಸವೆತ ಅದರೊಳಗೆ ಬರುವುದಿಲ್ಲ.

ದೋಷವನ್ನು ಒಪ್ಪಿಕೊಂಡಾಗಲೂ ಗ್ರಾಹಕನಿಗೆ ಹೊಸ ಟೈರು ಉಚಿತವಾಗಿ ಸಿಗುವುದು ವಿರಳ. ಪರಿಹಾರವು ಸವೆತದ ಪ್ರಮಾಣವನ್ನು ಅವಲಂಬಿಸಿರುತ್ತದೆ. ಹೊಸ ಟೈರಿನ ಗೀರುಗಳ ಆಳ 8 ಮಿಲಿಮೀಟರ್ ಇದೆಯೆಂದು ಭಾವಿಸೋಣ. 1.6 ಮಿಲಿಮೀಟರಿಗೆ ಇಳಿದಾಗ ಟೈರಿನ ಬಾಳಿಕೆ ಮುಗಿದಂತೆ. ಅಂದರೆ ಬಳಸಲು ದೊರೆಯುವ ಆಳ 6.4 ಮಿಲಿಮೀಟರ್. ದೂರು ನೀಡಿದ ದಿನ 4.8 ಮಿಲಿಮೀಟರ್ ಉಳಿದಿದ್ದರೆ ಅರ್ಧ ಬಾಳಿಕೆ ಮುಗಿದಿದೆ ಎಂದರ್ಥ. ಟೈರಿನ ಬೆಲೆ 6,000 ರೂಪಾಯಿಯಾದರೆ ಗ್ರಾಹಕನು 3,000 ರೂಪಾಯಿ ತೆತ್ತು ಹೊಸದನ್ನು ಪಡೆಯಬೇಕಾಗುತ್ತದೆ. ಈ ಲೆಕ್ಕ ನ್ಯಾಯಸಮ್ಮತವೇ. ಆದರೆ ಕೊಳ್ಳುವ ದಿನ ಯಾರೂ ಇದನ್ನು ವಿವರಿಸಿರುವುದಿಲ್ಲವಾಗಿ, ದೂರಿನ ದಿನ ಇದು ಮೋಸದಂತೆ ಕಾಣುತ್ತದೆ.

ಮೂರನೆಯ ಬಾಗಿಲು ವಿಮೆಯದು. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ, ಅಪಘಾತದಲ್ಲಿ ವಾಹನಕ್ಕೂ ಹಾನಿಯಾದಾಗ ಮಾತ್ರ ಟೈರಿಗೆ ಪರಿಹಾರವುಂಟು. ಅದೂ ಬದಲಾವಣೆಯ ವೆಚ್ಚದ ಅರ್ಧಕ್ಕೆ ಸೀಮಿತ. ಹೊಂಡಕ್ಕೆ ಬಿದ್ದು ಟೈರೊಂದೇ ಹಾಳಾದರೆ ಪರಿಹಾರ ಪಡೆಯಲು ಪ್ರತ್ಯೇಕ ಹೆಚ್ಚುವರಿ ರಕ್ಷಣೆ ಪಡೆದಿರಬೇಕು. ಪಾಲಿಸಿ ಮಾರುವವರು ಈ ಒಂದು ವಾಕ್ಯವನ್ನು ಮೊದಲೇ ಹೇಳಿದರೆ ಅರ್ಧ ಮನಸ್ತಾಪ ತಪ್ಪುತ್ತದೆ.

ದೂರಿನ ಹಿಂದಿನ ಕಾರಣಗಳು

ಗ್ರಾಹಕನ ಮಾತಿನಲ್ಲಿ ಎಲ್ಲವೂ 'ಟೈರು ಸರಿಯಿಲ್ಲ' ಎಂದೇ ಇರುತ್ತದೆ. ದೂರಿನ ಸ್ವರೂಪವನ್ನು ಬಿಡಿಸಿ ನೋಡುವುದು ವರ್ತಕರ ಕೆಲಸ. ಪದೇ ಪದೇ ಬರುವ ದೂರುಗಳು ಮುಖ್ಯವಾಗಿ ಆರು ಬಗೆಯವು.

ಮೊದಲನೆಯದು ಪಕ್ಕದ ಉಬ್ಬು. ಹೊಂಡದ ಅಂಚಿಗೋ ಫುಟ್‌ಪಾತಿನ ಕಲ್ಲಿಗೋ ಟೈರು ಬಡಿದಾಗ ಅದರ ಪಕ್ಕದ ಗೋಡೆಯು ರಿಮ್ಮು ಮತ್ತು ಕಲ್ಲಿನ ನಡುವೆ ಅಡಕವಾಗಿ ಒಳಗಿನ ದಾರಗಳು ತುಂಡಾಗುತ್ತವೆ. ಆ ಜಾಗದಲ್ಲಿ ಒಳಗಿನ ಗಾಳಿ ರಬ್ಬರನ್ನು ಹೊರದೂಡುತ್ತದೆ. ಪೆಟ್ಟು ಬಿದ್ದ ದಿನವೇ ಉಬ್ಬು ಕಾಣಬೇಕೆಂದಿಲ್ಲ. ವಾರಗಳ ನಂತರವೂ ಕಾಣಬಹುದು. ಗ್ರಾಹಕನಿಗೆ ಪೆಟ್ಟಿನ ನೆನಪೇ ಇಲ್ಲದಿರುವುದು ಈ ಕಾರಣದಿಂದ. ಉಬ್ಬಿದ ಟೈರು ರಿಪೇರಿಗೆ ಒಗ್ಗುವುದಿಲ್ಲ, ಅದನ್ನು ತೆಗೆಯಲೇಬೇಕು. ಪಕ್ಕದ ಗೋಡೆಯಲ್ಲಿ ಕಾಣುವ ಸಣ್ಣ ತಗ್ಗು ಮಾತ್ರ ಬೇರೆ ಸಂಗತಿ. ಅದು ಒಳಗಿನ ಬಟ್ಟೆಯ ಪದರಗಳು ಒಂದರ ಮೇಲೊಂದು ಸೇರುವ ಜಾಗ. ಅಪಾಯಕಾರಿಯಲ್ಲ. ಉಬ್ಬು ಮತ್ತು ತಗ್ಗಿನ ಈ ಅಂತರವನ್ನು ತಿಳಿಸಿಕೊಟ್ಟರೆ ಅನೇಕ ಗ್ರಾಹಕರ ಆತಂಕ ಅಲ್ಲಿಯೇ ದೂರವಾಗುತ್ತದೆ.

ಎರಡನೆಯದು ಅಕಾಲಿಕ ಸವೆತ. ಟೈರಿನ ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆಯಿತ್ತು ಎಂದರ್ಥ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಕೈಯಾಡಿಸಿದಾಗ ಗರಗಸದ ಹಲ್ಲಿನಂತೆ ಒರಟಾಗಿದ್ದರೂ ಅಲೈನ್‌ಮೆಂಟ್‌ನತ್ತಲೇ ನೋಡಬೇಕು. ಅಲ್ಲಲ್ಲಿ ತಗ್ಗುಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ಪರಿಶೀಲಿಸಬೇಕು. ಸವೆದ ಟೈರಿನ ಮುಖದಲ್ಲಿಯೇ ಕಾರಿನ ಚರಿತ್ರೆ ಬರೆದಿರುತ್ತದೆ. ಅದನ್ನು ಗ್ರಾಹಕನ ಎದುರಿಗೇ ಓದಿ ಹೇಳಿದ ವರ್ತಕನ ಮಾತಿಗೆ ಬೆಲೆ ಹೆಚ್ಚು.

ಮೂರನೆಯದು ನಡುಕ. ಗಂಟೆಗೆ 80ರಿಂದ 100 ಕಿಲೋಮೀಟರ್ ವೇಗದಲ್ಲಿ ಸ್ಟಿಯರಿಂಗು ನಡುಗಿ, ಅದಕ್ಕಿಂತ ಕಡಿಮೆಯಾದಾಗ ನಿಂತರೆ ಕಾರಣ ಹೆಚ್ಚಾಗಿ ಗಾಲಿಯ ಬ್ಯಾಲೆನ್ಸಿಂಗ್. ಬ್ಯಾಲೆನ್ಸಿಂಗ್ ಮಾಡಿದ ಮೇಲೆಯೂ ನಡುಕ ಉಳಿದರೆ ರಿಮ್ಮು ಡೊಂಕಾಗಿದೆಯೇ, ಟೈರು ದುಂಡಗಿದೆಯೇ ಎಂದು ನೋಡಬೇಕು.

ನಾಲ್ಕನೆಯದು ಕಾರು ಒಂದು ಬದಿಗೆ ಎಳೆಯುವುದು. ಇದು ಕಾರಿನ ದೋಷವೋ ಟೈರಿನ ದೋಷವೋ ಎಂಬ ಜಗಳ ಸಾಮಾನ್ಯ. ಖರ್ಚಿಲ್ಲದ ಪರೀಕ್ಷೆಯೊಂದು ಇದಕ್ಕಿದೆ. ಮುಂದಿನ ಎರಡು ಟೈರುಗಳನ್ನು ಎಡಬಲ ಅದಲುಬದಲು ಮಾಡಿ ಓಡಿಸಿದಾಗ ಎಳೆತದ ದಿಕ್ಕೂ ಬದಲಾದರೆ ದೋಷ ಟೈರಿನದು. ದಿಕ್ಕು ಬದಲಾಗದಿದ್ದರೆ ಅಲೈನ್‌ಮೆಂಟ್, ಬ್ರೇಕು ಅಥವಾ ಸಸ್ಪೆನ್ಷನ್ನಿನತ್ತ ನೋಡಬೇಕು. ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರುಗಳಿಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ.

ಐದನೆಯದು ರಿಮ್ಮಿನ ದೂರು. ಉಕ್ಕಿನ ರಿಮ್ಮು ಪೆಟ್ಟಿಗೆ ಬಾಗುತ್ತದೆ, ಅಲಾಯ್ ರಿಮ್ಮು ಬಿರುಕು ಬಿಡುವ ಸಂಭವ ಹೆಚ್ಚು. ಬಿರುಕಿಗೆ ಬೆಸುಗೆ ಹಾಕಿಸಿ ಮತ್ತೆ ಬಳಸುವುದು ಅಪಾಯಕರ. ಚೆಂದಕ್ಕಾಗಿ ದೊಡ್ಡ ರಿಮ್ಮು ಮತ್ತು ತೆಳುಪಕ್ಕದ ಟೈರು ಹಾಕಿಸಿದವರು, ಹೊಂಡದ ಪೆಟ್ಟನ್ನು ತಾಳುವ ರಬ್ಬರಿನ ಎತ್ತರವೇ ಕಡಿಮೆಯಾಗಿದೆ ಎಂಬುದನ್ನು ಮರೆಯುತ್ತಾರೆ. ಇಂಥ ಬದಲಾವಣೆಯಿಂದ ತಯಾರಕರ ವಾರಂಟಿಗೂ ಧಕ್ಕೆ ಬರಬಹುದೆಂದು ಮಾರುವಾಗಲೇ ಹೇಳುವುದು ವರ್ತಕರಿಗೆ ಕ್ಷೇಮ.

ಆರನೆಯದು ಹಳೆಯ ದಾಸ್ತಾನು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳ ಸಂಖ್ಯೆ ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುತ್ತದೆ. 2319 ಎಂದಿದ್ದರೆ 2019ರ 23ನೆಯ ವಾರ. ಬಳಸದೆ ಇಟ್ಟರೂ ರಬ್ಬರು ವಯಸ್ಸಾಗುತ್ತದೆ. ಹೊಸದೆಂದು ಕೊಂಡ ಟೈರು ವರ್ಷಗಳ ಹಿಂದಿನದೆಂದು ಮನೆಗೆ ಹೋದ ಮೇಲೆ ತಿಳಿದ ಗ್ರಾಹಕ ಮತ್ತೆ ಆ ಅಂಗಡಿಯತ್ತ ಸುಳಿಯುವುದಿಲ್ಲ. ಅದೇ ಪಕ್ಕದಲ್ಲಿ ಅಳತೆ, ಹೊರೆ ಮತ್ತು ವೇಗದ ಮಿತಿಗಳೂ ಇರುತ್ತವೆ. 185/65 ಆರ್ 15, 88 ಎಚ್ ಎಂದಿದ್ದರೆ ಟೈರಿನ ಅಗಲ 185 ಮಿಲಿಮೀಟರ್, ಪಕ್ಕದ ಎತ್ತರ ಅಗಲದ ಶೇಕಡಾ 65, ರಿಮ್ಮಿನ ವ್ಯಾಸ 15 ಅಂಗುಲ. ಅದು ಹೊರಬಲ್ಲ ಭಾರ 560 ಕಿಲೋಗ್ರಾಂ, ತಾಳಬಲ್ಲ ವೇಗ ಗಂಟೆಗೆ 210 ಕಿಲೋಮೀಟರ್. ಬದಲಾಯಿಸುವಾಗ ಇದಕ್ಕಿಂತ ಕಡಿಮೆ ಸಾಮರ್ಥ್ಯದ್ದನ್ನು ಹಾಕಬಾರದು.

ಇವೆಲ್ಲಕ್ಕೂ ಮೇಲಾದುದು ಗಾಳಿ. ಒತ್ತಡವನ್ನು ಟೈರು ತಣ್ಣಗಿರುವಾಗ, ಕಾರಿನ ಬಾಗಿಲಿನ ಚೌಕಟ್ಟಿನಲ್ಲೋ ಕೈಪಿಡಿಯಲ್ಲೋ ಇರುವ ಪ್ರಮಾಣಕ್ಕೆ ನೋಡಬೇಕು. ಉಷ್ಣತೆ 5ರಿಂದ 6 ಡಿಗ್ರಿ ಸೆಲ್ಸಿಯಸ್ ಏರಿದಾಗ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ಕಂಡಿತೆಂದು ಗಾಳಿ ಬಿಟ್ಟರೆ, ತಣಿದಾಗ ಅದು ಅಗತ್ಯಕ್ಕಿಂತ ಕಡಿಮೆಯಾಗುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ, ತುಂಬಿದ ಕಾರಿನಲ್ಲಿ, ಹೆದ್ದಾರಿಯ ವೇಗದಲ್ಲಿ ಈ ತಪ್ಪು ಎಷ್ಟು ಅಪಾಯಕಾರಿ ಎಂಬುದಕ್ಕೆ ಅಮೆರಿಕದ ಬಿಸಿಲು ರಾಜ್ಯಗಳ ಅನುಭವವೇ ಸಾಕ್ಷಿ. ನೈಟ್ರೋಜನ್ ತುಂಬಿಸಿದವರೂ ಒತ್ತಡ ಪರೀಕ್ಷಿಸುವುದನ್ನು ಬಿಡುವಂತಿಲ್ಲ. ಸಾಮಾನ್ಯ ಗಾಳಿಯಲ್ಲಿಯೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ.

ಕಾನೂನು ಏನು ಹೇಳುತ್ತದೆ

ಕಾರು, ಟೈರು ವರ್ತಕರ ಹೊಣೆಗಾರಿಕೆ ಹಿಂದಿನಂತಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 'ಉತ್ಪನ್ನ ಹೊಣೆಗಾರಿಕೆ' ಎಂಬ ಪ್ರತ್ಯೇಕ ಅಧ್ಯಾಯವನ್ನೇ ಒಳಗೊಂಡಿದೆ. ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ತಯಾರಕರಷ್ಟೇ ಅಲ್ಲದೆ, ನಿರ್ದಿಷ್ಟ ಸಂದರ್ಭಗಳಲ್ಲಿ ಮಾರಾಟಗಾರರೂ ಹೊಣೆಗಾರರಾಗುತ್ತಾರೆ. ವಸ್ತುವನ್ನು ಜೋಡಿಸುವಾಗ, ಪರಿಶೀಲಿಸುವಾಗ, ನಿರ್ವಹಿಸುವಾಗ ಯುಕ್ತ ಎಚ್ಚರಿಕೆ ವಹಿಸದಿದ್ದರೆ, ತಯಾರಕರು ನೀಡಿದ ಎಚ್ಚರಿಕೆಯನ್ನು ಗ್ರಾಹಕನಿಗೆ ದಾಟಿಸದಿದ್ದರೆ, ತಯಾರಕರು ಹೇಳದ ಭರವಸೆಯನ್ನು ತಾವಾಗಿ ನೀಡಿದ್ದರೆ ಮಾರಾಟಗಾರರು ತಪ್ಪಿಸಿಕೊಳ್ಳಲಾರರು. ಗ್ರಾಹಕನು ವಸ್ತುವನ್ನು ದುರ್ಬಳಕೆ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ ಮಾರಾಟಗಾರರಿಗೆ ರಕ್ಷಣೆಯೂ ಇದೆ. ಆದರೆ ಅದನ್ನು ತೋರಿಸಲು ದಾಖಲೆ ಬೇಕು.

ಗ್ರಾಹಕ ಆಯೋಗದ ಮುಂದೆ ದೂರು ಸಲ್ಲಿಸಲು ಎರಡು ವರ್ಷಗಳ ಕಾಲಮಿತಿಯಿದೆ. ವಸ್ತುವಿನ ದೋಷವನ್ನು ಪರೀಕ್ಷೆಯಿಲ್ಲದೆ ನಿರ್ಧರಿಸಲಾಗದು ಎನಿಸಿದಾಗ ಆಯೋಗವು ಮಾದರಿಯನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಹೀಗಾಗಿ ಒಡೆದ ಟೈರೇ ಮುಖ್ಯ ಸಾಕ್ಷ್ಯ. ಅದನ್ನು ಗುಜರಿಗೆ ಹಾಕಿದ ಗ್ರಾಹಕನೂ ತನ್ನ ಕೈ ಕಟ್ಟಿಕೊಂಡಂತೆ, ಪರಿಶೀಲನೆಗೆ ಪಡೆದು ಕಳೆದುಹಾಕಿದ ವರ್ತಕನೂ ಕಟ್ಟಿಕೊಂಡಂತೆ. ದಾವೆಗೆ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಮೂಲಕ ರಾಜಿಗೆ ಯತ್ನಿಸುವ ದಾರಿಯೂ ಇದೆ.

ವಾಹನಗಳ ಹಿಂಪಡೆಯುವಿಕೆ ಭಾರತದಲ್ಲಿ ಬಹುಕಾಲ ತಯಾರಕರ ಸ್ವಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ವಾಹನ ತಯಾರಕರ ಸಂಘವು 2012ರಲ್ಲಿ ಸ್ವಯಂಪ್ರೇರಿತ ಸಂಹಿತೆಯೊಂದನ್ನು ರೂಪಿಸಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ 110ಎ ಕಲಮು ಕೇಂದ್ರ ಸರ್ಕಾರಕ್ಕೆ ಹಿಂಪಡೆಯುವ ಆದೇಶ ನೀಡುವ ಅಧಿಕಾರ ಕೊಟ್ಟಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ನಿಗದಿತ ಪ್ರಮಾಣದ ಮಾಲೀಕರು ಒಂದೇ ಬಗೆಯ ದೋಷವನ್ನು ವರದಿ ಮಾಡುವುದು ಈ ಅಧಿಕಾರ ಚಲಾಯಿಸಲು ಒಂದು ಆಧಾರ. ದೋಷವು ವಾಹನದ ಬಿಡಿಭಾಗದಲ್ಲಿದ್ದರೆ ಆ ಭಾಗವನ್ನು ಹೊಂದಿದ ಎಲ್ಲ ವಾಹನಗಳನ್ನೂ ಹಿಂಪಡೆಯಲು ಆದೇಶಿಸಬಹುದು. ದೂರುಗಳ ಎಣಿಕೆಗೆ ಕಾನೂನೇ ಬೆಲೆ ಕೊಟ್ಟಿರುವಾಗ, ಬಾಗಿಲಿನಿಂದ ಬಾಗಿಲಿಗೆ ಕಳುಹಿಸಿಬಿಟ್ಟ ದೂರು ಆ ಎಣಿಕೆಗೆ ಸೇರದೆ ಹೋಗುತ್ತದೆ ಎಂಬುದು ಗಮನಾರ್ಹ.

ಟೈರಿನ ಗುಣಮಟ್ಟಕ್ಕೂ ಮಾನದಂಡಗಳಿವೆ. 2009ರಲ್ಲಿ ಹೊರಡಿಸಿದ ಗುಣಮಟ್ಟ ನಿಯಂತ್ರಣ ಆದೇಶದಿಂದಾಗಿ ಭಾರತೀಯ ಮಾನಕ ಬ್ಯೂರೋದ ಗುರುತು ವಾಹನಗಳ ಟೈರುಗಳಿಗೆ ಕಡ್ಡಾಯವಾಗಿದೆ. ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ತಡೆ ಮತ್ತು ಸದ್ದಿನ ಮಿತಿಗಳನ್ನು ಕುರಿತ ನಿಯಮಗಳನ್ನು 2022ರಲ್ಲಿ ಪ್ರಕಟಿಸಲಾಯಿತು.

ವರ್ತಕರು ಮಾಡಬಹುದಾದುದು

ಇದಕ್ಕೆಲ್ಲ ದೊಡ್ಡ ಬಂಡವಾಳ ಬೇಕಿಲ್ಲ. ಮೊದಲನೆಯದಾಗಿ, ಟೈರು ಮತ್ತು ಗಾಲಿಯ ದೂರಿಗೆ ಪ್ರತ್ಯೇಕ ದಾಖಲೆ ಪುಸ್ತಕ ಇರಬೇಕು. ದಿನಾಂಕ, ವಾಹನದ ಮಾದರಿ, ಓಡಿದ ದೂರ, ಟೈರಿನ ಅಳತೆ, ತಯಾರಿಕೆಯ ವಾರ, ಉಳಿದ ಆಳ, ಒತ್ತಡ, ದೋಷದ ಸ್ವರೂಪ ಮತ್ತು ಛಾಯಾಚಿತ್ರ ಇಷ್ಟಿದ್ದರೆ ಸಾಕು. ಟೈರು ತಮ್ಮ ವಾರಂಟಿಗೆ ಸೇರದಿದ್ದರೂ ಕಾರು ಮಾರಾಟಗಾರರು ಇದನ್ನು ದಾಖಲಿಸಿಕೊಂಡು ಪ್ರತಿಯೊಂದನ್ನು ಟೈರು ಕಂಪನಿಗೂ ಇನ್ನೊಂದನ್ನು ಕಾರು ಕಂಪನಿಗೂ ಕಳುಹಿಸಬಹುದು. ಗ್ರಾಹಕನನ್ನು ಅಲೆಸುವ ಬದಲು ಕಾಗದವನ್ನು ಅಲೆಸುವುದು ಮೇಲು.

ಎರಡನೆಯದಾಗಿ, ಬೇಡಿಕೆಯನ್ನು ತಿರಸ್ಕರಿಸುವುದಾದರೆ ಕಾರಣವನ್ನು ಬರಹದಲ್ಲಿ, ಗ್ರಾಹಕನಿಗೆ ತಿಳಿಯುವ ಭಾಷೆಯಲ್ಲಿ ನೀಡಬೇಕು. 'ಬಾಹ್ಯ ಹಾನಿ' ಎಂಬ ಎರಡು ಪದಗಳಿಂದ ಯಾರಿಗೂ ಸಮಾಧಾನವಾಗದು. ಟೈರನ್ನು ಬಿಚ್ಚಿ, ಒಳಗಿನ ತುಂಡಾದ ದಾರಗಳನ್ನು ತೋರಿಸಿದರೆ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದವರ ಟೈರನ್ನು ಹಿಂದಿರುಗಿಸಿ ರಸೀದಿ ಪಡೆಯಬೇಕು.

ಮೂರನೆಯದಾಗಿ, ಮಾರಾಟದ ದಿನವೇ ಐದು ನಿಮಿಷ ವ್ಯಯಿಸಿ ಒತ್ತಡದ ಪ್ರಮಾಣ, ವಾರಂಟಿಯ ಲೆಕ್ಕ, ವಿಮೆಯ ಮಿತಿ ಇವನ್ನು ವಿವರಿಸಬೇಕು. ಕೆಲವು ಕಾರುಗಳ ಸ್ಟೆಪ್ನಿ ಉಳಿದ ಟೈರುಗಳಿಗಿಂತ ಕಿರಿದಾಗಿದ್ದು, ಗಂಟೆಗೆ 80 ಕಿಲೋಮೀಟರ್ ಮೀರಿ ಓಡಿಸುವಂತಿಲ್ಲ ಎಂಬುದನ್ನೂ ಹೇಳಬೇಕು. ನಡುದಾರಿಯಲ್ಲಿ ಇದನ್ನು ಮೊದಲ ಬಾರಿಗೆ ಓದಿಕೊಂಡ ಮಾಲೀಕನ ಕೋಪ ಕಾರಿನ ಮೇಲಲ್ಲ, ಮಾರಿದವರ ಮೇಲೆ ತಿರುಗುತ್ತದೆ.

ನಾಲ್ಕನೆಯದಾಗಿ, ದಾಖಲೆ ಪುಸ್ತಕವನ್ನು ತಿಂಗಳಿಗೊಮ್ಮೆ ಕೂಡಿಸಿ ನೋಡಬೇಕು. ಒಂದೇ ಮಾದರಿ, ಒಂದೇ ಅಳತೆ, ಒಂದೇ ತಯಾರಿಕೆಯ ಅವಧಿಯ ಟೈರಿಗೆ ಮೂರು ದೂರು ಬಂದಿದ್ದರೆ ಅದು ಹೊಂಡದ ಪೆಟ್ಟೆಂದು ಕೈತೊಳೆದುಕೊಳ್ಳುವ ಸಂಗತಿಯಲ್ಲ. ಅಂಥ ದೂರುಗಳನ್ನು ತಯಾರಕರಿಗೆ ಲಿಖಿತವಾಗಿ ತಿಳಿಸಿ, ಉತ್ತರ ಬರುವವರೆಗೆ ಆ ದಾಸ್ತಾನಿನ ಮಾರಾಟವನ್ನು ತಡೆಹಿಡಿಯುವುದು ವಿವೇಕ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ಪ್ರಸಂಗ ಆಗ ಬರುವುದಿಲ್ಲ.

ಮೈಸೂರಿನ ವಿಕ್ರಾಂತ್ ಟೈರ್ಸ್‌ನಿಂದ ಮೊದಲ್ಗೊಂಡು ಕರ್ನಾಟಕಕ್ಕೆ ಟೈರು ಉದ್ಯಮದ ಪರಿಚಯ ಹೊಸದಲ್ಲ. ಜಿಲ್ಲಾ ಕೇಂದ್ರಗಳಲ್ಲೆಲ್ಲ ಟೈರು ಮಳಿಗೆಗಳೂ ಗಾಲಿ ಅಲೈನ್‌ಮೆಂಟ್ ಕೇಂದ್ರಗಳೂ ಇವೆ. ಬೆಂಗಳೂರು–ಮೈಸೂರು ನಡುವೆ 2023ರಲ್ಲಿ ಉದ್ಘಾಟನೆಗೊಂಡ ವೇಗದ ಹೆದ್ದಾರಿಯಂಥ ರಸ್ತೆಗಳಲ್ಲಿ, ಪಟ್ಟಣದ ವೇಗದಲ್ಲಿ ಮರೆಯಾಗಿದ್ದ ಟೈರಿನ ದೌರ್ಬಲ್ಯ ಒಂದೇ ಗಂಟೆಯಲ್ಲಿ ಬಯಲಾಗುತ್ತದೆ. ಊರಿನ ಕಾರು ಮಾರಾಟಗಾರರು, ಟೈರು ವರ್ತಕರು ಮತ್ತು ವಿಮಾ ಪ್ರತಿನಿಧಿಗಳು ವರ್ಷಕ್ಕೆರಡು ಬಾರಿ ಒಟ್ಟಿಗೆ ಕುಳಿತು ತಮ್ಮ ದೂರು ಪುಸ್ತಕಗಳನ್ನು ಹೋಲಿಸಿ ನೋಡಲು ವಾಣಿಜ್ಯ ಸಂಸ್ಥೆಗಳ ಸಭಾಂಗಣಕ್ಕಿಂತ ಅನುಕೂಲವಾದ ಜಾಗ ಬೇರೊಂದಿಲ್ಲ. 1998ರ ಜುಲೈನಲ್ಲಿ ವಿಮಾ ಕಚೇರಿಯ ಒಬ್ಬ ನೌಕರನ ಕೈಯಲ್ಲಿದ್ದುದು 21 ಪ್ರಕರಣಗಳ ಪಟ್ಟಿ ಮಾತ್ರ. ಅದನ್ನು ಆಗಲೇ ಕಾರು ಕಂಪನಿ ಮತ್ತು ಟೈರು ಕಂಪನಿಯ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು, 95 ವರ್ಷಗಳ ವ್ಯಾಪಾರವೂ ಬಹುಶಃ ಮುರಿಯುತ್ತಿರಲಿಲ್ಲ.